ಸ್ಮೃತಿಕೌದಿ: ವಸ್ತ್ರದ ಮೇಲೆ ಛಾಯಾಚಿತ್ರ ಮುದ್ರಣ

ಒಬ್ಬ ವ್ಯಕ್ತಿಯ ಅಥವಾ ಒಂದು ಕುಟುಂಬದ ನೆನಪನ್ನು ಉಳಿಸಿಕೊಳ್ಳುವ ಉದ್ದೇಶದಿಂದ ಮನೆಯ ಆಲ್ಬಮ್ಮಿನಲ್ಲಿರುವ ಛಾಯಾಚಿತ್ರಗಳನ್ನು ಬಟ್ಟೆಯ ಮೇಲೆ ಅಚ್ಚುಮಾಡಿಕೊಂಡು, ಆ ತುಂಡುಗಳನ್ನು ಬೇರೆ ಬಟ್ಟೆಗಳೊಡನೆ, ಎಷ್ಟೋ ವೇಳೆ ಅದೇ ವ್ಯಕ್ತಿ ಉಟ್ಟು ಬಿಟ್ಟ ಬಟ್ಟೆಗಳೊಡನೆ, ಜೋಡಿಸಿ, ಮೇಲ್ಪದರಕ್ಕೂ ಅಸ್ತರಿಗೂ ನಡುವೆ ಹತ್ತಿಯ ಹಾಳೆಯನ್ನಿರಿಸಿ, ಮೂರನ್ನೂ ಒಂದಾಗಿ ಹೊಲಿದು ಸಿದ್ಧಪಡಿಸಿದ ಹೊದಿಕೆಯನ್ನು ಸ್ಮೃತಿಕೌದಿಯೆಂದು ಕರೆಯಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೆಮೊರಿ ಕ್ವಿಲ್ಟ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಗೃಹಕಲೆ ಅಲ್ಲಿ ಹುಟ್ಟಿದ ಮಗುವಿಗೆ, ಮದುವೆಯ ಐವತ್ತನೆಯ ವರ್ಷದ ಸಂಭ್ರಮಕ್ಕೆ, ಶಾಲೆ ಬಿಟ್ಟು ದೂರ ಹೋಗುವ ಮಕ್ಕಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮವರನ್ನು ಕಳೆದುಕೊಂಡ ಮನೆಗಳಿಗೆ ಕೊಡತಕ್ಕ ಕಾಣಿಕೆಯಾಗಿ ಬೆಳೆದುಬಂದಿದೆ.

ಛಾಯಾಚಿತ್ರಕ್ಕೂ ಕೌದಿಗೂ ಸ್ವಭಾವತಃ ಹೊಂದಿಕೆಯಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಮೇಲು. ಛಾಯಾಚಿತ್ರ ಕಣ್ಣಿಗೆ ಮೀಸಲಾದ ವಸ್ತು. ಅದನ್ನು ಗಾಜಿನ ಹಿಂದಿಟ್ಟು, ಬೆರಳಿನ ಗುರುತು ಬೀಳದಂತೆ, ನೀರು ಸೋಕದಂತೆ, ಬಿಸಿಲು ತಾಗದಂತೆ ಕಾಪಾಡುವುದು ರೂಢಿ. ಕೌದಿಯಾದರೋ ಮೈಗೆ ಮೀಸಲಾದದ್ದು. ಹೊದೆಯುವುದು, ಮಡಿಸುವುದು, ಕೊಡವುವುದು, ಒಗೆಯುವುದು, ಬಿಸಿಲಿಗೆ ಹರವುವುದು ಅದರ ಬಾಳಿನ ಕ್ರಮ. ಒಂದು ಯಾವುದರಿಂದ ಅಳಿಯುತ್ತದೆಯೋ ಅದರಿಂದಲೇ ಮತ್ತೊಂದು ಶುಚಿಯಾಗುತ್ತದೆ. ಇವೆರಡನ್ನೂ ಒಂದುಗೂಡಿಸುವುದಕ್ಕಾಗಿ ಕಳೆದ ನೂರೆಂಬತ್ತು ವರ್ಷಗಳಲ್ಲಿ ಕಂಡುಕೊಂಡ ಉಪಾಯಗಳು ಹಲವಾದರೂ, ಅವುಗಳನ್ನು ತೂಗಿ ನೋಡಲು ಒಂದು ಪ್ರಶ್ನೆ ಸಾಕು: ಚಿತ್ರವು ಎಳೆಯ ಮೇಲೆ ಕುಳಿತಿದೆಯೋ, ಎಳೆಯೊಳಕ್ಕೆ ಇಳಿದಿದೆಯೋ ಎಂಬುದು. ಮೇಲೆ ಕುಳಿತದ್ದು ಎಷ್ಟೇ ಸ್ಫುಟವಾಗಿದ್ದರೂ ಬಿರಿಯುತ್ತದೆ, ಸುಲಿಯುತ್ತದೆ. ಒಳಗಿಳಿದದ್ದು ತುಸು ಮಂಕಾಗಿದ್ದರೂ ಬಟ್ಟೆಯೊಡನೆಯೇ ಬಾಳಿ ಬಟ್ಟೆಯೊಡನೆಯೇ ಸವೆಯುತ್ತದೆ. ಅಂಗಡಿಯವರು ಹೊಗಳುವುದು ಸ್ಫುಟತೆಯನ್ನು. ಕೌದಿಗೆ ಬೇಕಾದದ್ದು ಈ ಸಹಬಾಳುವೆ.

ಛಾಯಾಚಿತ್ರ ಕೌದಿಗೆ ಇಳಿಯುವುದಕ್ಕೆ ಮುಂಚೆಯೇ ಅದರ ಮೇಲೆ ನೆನಪನ್ನು ಬರೆದಿಡುವ ಪದ್ಧತಿ ಅಮೆರಿಕದಲ್ಲಿ ಬೇರೂರಿತ್ತು. 1840ರ ದಶಕದಲ್ಲಿ ಪೂರ್ವತೀರದ ಪಟ್ಟಣಗಳಲ್ಲಿ ಸಹಿಕೌದಿಗಳೂ ಸ್ನೇಹಕೌದಿಗಳೂ ಜನಪ್ರಿಯವಾದುವು. ಊರು ಬಿಟ್ಟು ಪಶ್ಚಿಮದ ಕಡೆಗೆ ಹೊರಟವರಿಗೆ ನೆಂಟರಿಷ್ಟರು ತಲಾ ಒಂದೊಂದು ಚೌಕವನ್ನು ಹೊಲಿದು, ಅದರ ನಡುವೆ ಅಳಿಯದ ಮಸಿಯಿಂದ ತಮ್ಮ ಹೆಸರನ್ನು ಬರೆದು, ಎಲ್ಲವನ್ನೂ ಜೋಡಿಸಿ ಕೊಡುತ್ತಿದ್ದರು. ಮೇರಿಲ್ಯಾಂಡಿನ ಬಾಲ್ಟಿಮೋರ್ ನಗರದಲ್ಲಿ 1846ರಿಂದ 1852ರವರೆಗಿನ ಅವಧಿಯಲ್ಲಿ ಈ ಜಾತಿಯ ಆಲ್ಬಮ್ ಕೌದಿಗಳು ಅತ್ಯಂತ ಸೊಗಸಾದ ರೂಪವನ್ನು ತಳೆದುವು. ಆಗಿನ ಮಸಿಗಳಲ್ಲಿ ಕೆಲವು ಕಬ್ಬಿಣದ ಲವಣದಿಂದಲೂ ಕೆಲವು ಬೆಳ್ಳಿಯ ನೈಟ್ರೇಟಿನಿಂದಲೂ ಆದವು. ಕಬ್ಬಿಣದ ಮಸಿ ಕಾಲಕ್ರಮದಲ್ಲಿ ಬಟ್ಟೆಯನ್ನೇ ತಿಂದುಹಾಕುವುದರಿಂದ ಇಂದು ಕೆಲವು ಹಳೆಯ ಕೌದಿಗಳಲ್ಲಿ ಹೆಸರಿದ್ದ ಕಡೆ ಅಕ್ಷರದಾಕಾರದ ತೂತು ಮಾತ್ರ ಉಳಿದಿದೆ. ಬೆಳ್ಳಿಯ ನೈಟ್ರೇಟು ಬೆಳಕಿಗೆ ಕಪ್ಪಾಗುವ ಗುಣದಿಂದಾಗಿಯೇ ಬಟ್ಟೆಗೆ ಗುರುತು ಹಾಕುವ ಮಸಿಯಾಗಿತ್ತು. ಅದೇ ಗುಣದ ಮೇಲೆಯೇ ಛಾಯಾಗ್ರಹಣವೂ ನಿಂತಿತೆಂಬುದನ್ನು ಗಮನಿಸಬೇಕು. ಬಟ್ಟೆ ಒಗೆಯುವವರ ಮಸಿಗೂ ಛಾಯಾಗ್ರಾಹಕನ ಕಾಗದಕ್ಕೂ ಹೀಗೆ ರಕ್ತಸಂಬಂಧವಿತ್ತು.

1876ರಲ್ಲಿ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದಲ್ಲಿ ಜಪಾನಿನ ಕಲಾವಸ್ತುಗಳನ್ನು ಕಂಡ ಮೇಲೆ, ಅಡ್ಡಾದಿಡ್ಡಿ ಕತ್ತರಿಸಿದ ರೇಷ್ಮೆ ಮಖಮಲ್ಲುಗಳ ತುಂಡುಗಳಿಂದ ಹೊಲಿಯುವ ಕ್ರೇಜಿ ಕ್ವಿಲ್ಟುಗಳ ಹುಚ್ಚು ಮಧ್ಯಮವರ್ಗದ ಮನೆಗಳಿಗೆ ಹಿಡಿಯಿತು. ಚುನಾವಣೆಗಳಲ್ಲಿ ಹಂಚಿದ, ಅಭ್ಯರ್ಥಿಯ ಮುಖ ಮುದ್ರಿಸಿದ ರೇಷ್ಮೆ ಪಟ್ಟಿಗಳನ್ನು ಮಹಿಳೆಯರು ಇವುಗಳಲ್ಲಿ ಸೇರಿಸಿದರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಿಗರೇಟು ತಯಾರಕರು ತಮ್ಮ ಸರಕಿನೊಡನೆ ಕೊಡುತ್ತಿದ್ದ ನಟಿಯರ ಚಿತ್ರವುಳ್ಳ ರೇಷ್ಮೆ ಚೌಕಗಳೂ ಹೀಗೆಯೇ ದಿಂಬು ಹೊದಿಕೆಗಳನ್ನು ಸೇರಿದುವು. ಅವು ಯಾರೋ ಮುದ್ರಿಸಿ ಹಂಚಿದ ಸಾರ್ವಜನಿಕ ಮುಖಗಳು. ತನ್ನ ತಾಯಿಯ ಮುಖವನ್ನು ತಾನೇ ಬಟ್ಟೆಯ ಮೇಲೆ ಮೂಡಿಸಿಕೊಳ್ಳುವ ದಾರಿ ಬೇರೆಯೇ ಒಂದು ಕಡೆಯಿಂದ ತೆರೆಯಿತು.

ಆ ದಾರಿಯನ್ನು ತೆರೆದವನು ಆಂಗ್ಲ ವಿಜ್ಞಾನಿ ಸರ್ ಜಾನ್ ಹರ್ಷೆಲ್, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮಗ. ಛಾಯಾಗ್ರಹಣವು 1839ರಲ್ಲಿ ಲೋಕಕ್ಕೆ ಪ್ರಕಟವಾದ ಮೂರೇ ವರ್ಷಗಳಲ್ಲಿ, ಎಂದರೆ 1842ರಲ್ಲಿ, ಅವನು ಬೆಳ್ಳಿಯ ಹಂಗಿಲ್ಲದೆ ಕಬ್ಬಿಣದ ಲವಣಗಳಿಂದ ನೀಲಿಯ ಚಿತ್ರವನ್ನು ಮೂಡಿಸುವ ಸಯನೋಟೈಪ್ ವಿಧಾನವನ್ನು ರೂಪಿಸಿದನು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಎಂಬ ಎರಡು ಲವಣಗಳ ದ್ರಾವಣಗಳನ್ನು ಬೆರೆಸಿ, ಬಟ್ಟೆಗೋ ಕಾಗದಕ್ಕೋ ಸವರಿ, ಕತ್ತಲೆಯಲ್ಲಿ ಒಣಗಿಸಿದರೆ ಅದು ಹಸುರುಮಿಶ್ರಿತ ಹಳದಿಯಾಗಿ ತೋರುತ್ತದೆ. ಅದರ ಮೇಲೆ ಚಿತ್ರದ ನೆಗೆಟಿವನ್ನು ಒತ್ತಿಟ್ಟು ಬಿಸಿಲಿಗೆ ಹಿಡಿದಾಗ, ಬೆಳಕಿನ ನೇರಳಾತೀತ ಕಿರಣಗಳು ಬಿದ್ದಷ್ಟು ಕಡೆ ಫೆರಿಕ್ ಕಬ್ಬಿಣ ಫೆರಸ್ ಕಬ್ಬಿಣವಾಗಿ ಅಪಕರ್ಷಣ ಹೊಂದಿ, ಫೆರಿಸಯನೈಡಿನೊಡನೆ ಕೂಡಿ, ನೀರಿನಲ್ಲಿ ಕರಗದ ಪ್ರಷ್ಯನ್ ನೀಲಿಯಾಗಿ ಪರಿಣಮಿಸುತ್ತದೆ. ಬೆಳಕು ಬೀಳದ ಕಡೆಯ ಲವಣಗಳನ್ನು ಬರಿಯ ನೀರಿನಿಂದ ತೊಳೆದರೆ ಬಟ್ಟೆಯ ಬಿಳುಪು ಹಾಗೆಯೇ ಉಳಿಯುತ್ತದೆ. ಕತ್ತಲೆಕೋಣೆಯ ದುಬಾರಿ ರಾಸಾಯನಿಕಗಳೊಂದೂ ಬೇಡ; ಬಿಸಿಲು ಮತ್ತು ನೀರು, ಇವೆರಡಿದ್ದರೆ ಆಯಿತು. 1843ರಿಂದ ಅನ್ನಾ ಅಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಬ್ರಿಟನ್ನಿನ ಕಡಲಪಾಚಿಗಳ ಚಿತ್ರಗಳನ್ನು ಈ ವಿಧಾನದಿಂದಲೇ ಅಚ್ಚುಮಾಡಿ ಪುಸ್ತಕವಾಗಿ ಹೊರತಂದಳು; ಛಾಯಾಚಿತ್ರಗಳಿಂದ ಕೂಡಿದ ಮೊದಲ ಪುಸ್ತಕವೆಂದು ಅದಕ್ಕೆ ಮನ್ನಣೆಯಿದೆ. ಮುಂದೆ ಇಂಜಿನಿಯರುಗಳ ನಕ್ಷೆಗಳಿಗೆ ಬಳಕೆಗೆ ಬಂದ ಬ್ಲೂಪ್ರಿಂಟು ಇದೇ ವಿದ್ಯೆಯ ಸಂತಾನ.

ವಸ್ತ್ರಮುದ್ರಣದ ದೃಷ್ಟಿಯಿಂದ ಸಯನೋಟೈಪು ಇಂದಿಗೂ ಮಾನ್ಯವಾಗಿ ಉಳಿದಿರುವುದಕ್ಕೆ ಕಾರಣ ಅದರ ನೀಲಿಯ ಚೆಲುವಷ್ಟೇ ಅಲ್ಲ. ದ್ರಾವಣವು ಹತ್ತಿಯ ನಾರಿನೊಳಕ್ಕೆ ಹೀರಿಕೊಂಡ ಮೇಲೆ ಅಲ್ಲಿಯೇ ನೀಲಿ ಹುಟ್ಟುವುದರಿಂದ, ಮುದ್ರಣವಾದ ಬಟ್ಟೆಯನ್ನು ಕೈಯಲ್ಲಿ ಮುಟ್ಟಿದಾಗ ಮುದ್ರಣವಾಗದ ಬಟ್ಟೆಗೂ ಅದಕ್ಕೂ ಭೇದ ತಿಳಿಯುವುದಿಲ್ಲ. ಸೂಜಿ ಸಲೀಸಾಗಿ ಹಾಯುತ್ತದೆ, ಮಡಿಕೆಯಲ್ಲಿ ಬಿರುಕು ಬೀಳುವುದಿಲ್ಲ. ಹೆಚ್ಚು ಬಿಸಿಲಿಗೆ ಮಾಸಿದ ನೀಲಿ ಕತ್ತಲೆಯಲ್ಲಿಟ್ಟರೆ ಬಹುಮಟ್ಟಿಗೆ ಮರಳಿ ಬರುವ ವಿಚಿತ್ರ ಗುಣವೂ ಇದಕ್ಕುಂಟು. ಶತ್ರುವೊಂದೇ: ಕ್ಷಾರ. ವಾಷಿಂಗ್ ಸೋಡಾ ಬೆರೆತ ಪುಡಿಯಿಂದ ಒಗೆದರೆ ಅಜ್ಜಿಯ ಮುಖ ಮೊದಲು ಹಳದಿಗೆ ತಿರುಗಿ ಆಮೇಲೆ ಕಾಣದಾಗುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಛಾಯಾಚಿತ್ರವನ್ನು ತಿರುವುಮುರುವು ಮಾಡಿ, ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ ನೆಗೆಟಿವ್ ಮಾಡಿಕೊಳ್ಳುವುದು ಸುಲಭವಾದ ಮೇಲೆ, ಮರೆಯಾಗಿದ್ದ ಈ ವಿಧಾನಕ್ಕೆ ಕೌದಿ ಹೊಲಿಯುವವರಲ್ಲಿ ಹೊಸ ಬಾಳು ಬಂದಿದೆ. ಬಿಸಿಲಿಗೆ ಬರವಿಲ್ಲದ ನಮ್ಮ ಸೀಮೆಗೆ ಇದಕ್ಕಿಂತ ಒಪ್ಪುವ ವಿಧಾನ ಬೇರೆ ಇಲ್ಲವೆಂದು ಈ ಲೇಖಕನ ಅಭಿಪ್ರಾಯ.

ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೆ ಪ್ರಯತ್ನಗಳೂ ನಡೆದುವು. 1890ರಲ್ಲಿ ಗ್ರೀನ್, ಕ್ರಾಸ್ ಮತ್ತು ಬೆವನ್ ಎಂಬ ಮೂವರು ಆಂಗ್ಲ ರಸಾಯನಜ್ಞರು ಪ್ರಿಮುಲಿನ್ ಎಂಬ ಹಳದಿ ರಂಗನ್ನು ಹತ್ತಿಬಟ್ಟೆಗೆ ಹಾಕಿ, ಅದನ್ನು ಬೆಳಕಿಗೆ ಸ್ಪಂದಿಸುವ ಡಯಾಜೋ ಸಂಯುಕ್ತವನ್ನಾಗಿ ಮಾರ್ಪಡಿಸಿ, ಚಿತ್ರವನ್ನು ಬಟ್ಟೆಯ ರಂಗಾಗಿಯೇ ಮೂಡಿಸಿ ತೋರಿಸಿದರು. ತತ್ತ್ವದಲ್ಲಿ ಇದು ನಿರ್ದುಷ್ಟವಾದ ವಿಧಾನ. ಆದರೆ ಗೃಹಿಣಿಯ ಕೈಗೆ ಎಟುಕುವಂಥದಲ್ಲವಾದ್ದರಿಂದ ಕೌದಿಗಳ ಚರಿತ್ರೆಯಲ್ಲಿ ಇದಕ್ಕೆ ದೊರೆತ ಸ್ಥಾನ ಅಲ್ಪ.

ಛಾಯಾಚಿತ್ರವನ್ನು ಸಾಮಾನ್ಯರ ಹೊಲಿಗೆಪೆಟ್ಟಿಗೆಗೆ ತಂದು ಮುಟ್ಟಿಸಿದ್ದು ಕ್ಯಾಮರಾದ ಪರಂಪರೆಯಲ್ಲ, ಕಚೇರಿಯ ನಕಲು ಯಂತ್ರ. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ ಸಾಧಿಸಿದ ಒಣನಕಲು ವಿದ್ಯೆ 1959ರ ಝೆರಾಕ್ಸ್ 914 ಯಂತ್ರದ ರೂಪದಲ್ಲಿ ಮಾರುಕಟ್ಟೆಗೆ ಬಂದು ಕಚೇರಿಗಳನ್ನು ತುಂಬಿತು. ಇದರ ಮಸಿಯು ವಾಸ್ತವವಾಗಿ ಕಪ್ಪು ಬಣ್ಣ ಬೆರೆಸಿದ ಪ್ಲಾಸ್ಟಿಕ್ ಪುಡಿ. ಕಾಗದದ ಮೇಲೆ ಶಾಖದಿಂದ ಕರಗಿ ಅಂಟಿಕೊಂಡಿರುತ್ತದೆ. ಆದುದರಿಂದ ನಕಲುಪ್ರತಿಯನ್ನು ಬಟ್ಟೆಯ ಮೇಲೆ ಕವುಚಿ ಹಾಕಿ, ಬೆನ್ನಿಗೆ ತಕ್ಕ ದ್ರಾವಕವನ್ನು ಸವರಿ ಚಮಚದಿಂದ ಉಜ್ಜಿದರೆ ಚಿತ್ರ ಬಟ್ಟೆಗೆ ವರ್ಗವಾಗುತ್ತದೆ. ಅಚ್ಚಾದ ಚಿತ್ರಗಳನ್ನು ಹೀಗೆ ದ್ರಾವಕದಿಂದ ವರ್ಗಾಯಿಸುವ ತಂತ್ರವನ್ನು ಕಲೆಯ ಮಟ್ಟಕ್ಕೇರಿಸಿದವನು ಅಮೆರಿಕದ ಚಿತ್ರಕಾರ ರಾಬರ್ಟ್ ರಾಶೆನ್‌ಬರ್ಗ್. 1958ರಿಂದ 1960ರವರೆಗೆ ಡಾಂಟೆಯ ನರಕಕಾಂಡಕ್ಕೆ ಅವನು ರಚಿಸಿದ ಚಿತ್ರಗಳು ಪತ್ರಿಕೆಗಳ ಮುದ್ರಿತ ಚಿತ್ರಗಳಿಂದ ಕಾಗದಕ್ಕೆ ಇಳಿದಂಥವು. 1974ರಲ್ಲಿ ಆರಂಭಿಸಿದ ಹೋರ್‌ಫ್ರಾಸ್ಟ್ ಮಾಲಿಕೆಯಲ್ಲಿ ಅವನು ಅದೇ ಉಪಾಯದಿಂದ ತೆಳುವಾದ ರೇಷ್ಮೆ ಹತ್ತಿಗಳ ಮೇಲೆ ಚಿತ್ರಗಳನ್ನು ಮಂಜಿನೊಳಗಿಂದ ಕಂಡಂತೆ ಮೂಡಿಸಿದನು. ಕಥನಕೌದಿಗಳಿಂದ ಖ್ಯಾತಳಾದ ಹಾರ್ಲೆಮ್ಮಿನ ಕಲಾವಿದೆ ಫೇತ್ ರಿಂಗ್‌ಗೋಲ್ಡ್ ಸಾಮಾನ್ಯವಾಗಿ ಕುಂಚವನ್ನೇ ನೆಚ್ಚಿದವಳಾದರೂ, ತನ್ನ ಮೈತೂಕ ಇಳಿಸಿಕೊಂಡ ಕಥೆಯನ್ನು ಹೇಳುವ 1986ರ ಕೌದಿಯಲ್ಲಿ ತನ್ನ ಬಾಳಿನ ಬೇರೆ ಬೇರೆ ಕಾಲದ ಛಾಯಾಚಿತ್ರಗಳನ್ನು ಬಟ್ಟೆಗೆ ಅಚ್ಚುಹಾಕಿಸಿ ಬಳಸಿದಳು.

ಮನೆಗಳಲ್ಲಿ ಹೆಚ್ಚು ಹಬ್ಬಿದ್ದು ಮಾತ್ರ ಇಸ್ತ್ರಿಪೆಟ್ಟಿಗೆಯಿಂದ ಒತ್ತುವ ವರ್ಗಾವಣೆ ಕಾಗದ. ಬಣ್ಣದ ನಕಲು ಯಂತ್ರಗಳು ಪೇಟೆಪೇಟೆಯಲ್ಲಿ ದೊರೆಯುವಂತಾದ ಮೇಲೆ, ಆಲ್ಬಮ್ಮಿನ ಚಿತ್ರವನ್ನು ವಿಶೇಷ ಲೇಪವಿರುವ ಕಾಗದದ ಮೇಲೆ ಎಡಬಲ ತಿರುಗಿಸಿ ನಕಲು ಮಾಡಿಸಿ, ಬಟ್ಟೆಯ ಮೇಲೆ ಕವುಚಿ, ಬಿಸಿ ಇಸ್ತ್ರಿಯಿಂದ ಒತ್ತಿ, ಕಾಗದವನ್ನು ಸುಲಿದು ತೆಗೆಯುವುದು ರೂಢಿಯಾಯಿತು. ತಿರುಗಿಸಲು ಮರೆತವರ ಕೌದಿಗಳಲ್ಲಿ ಅಂಗಡಿಯ ಫಲಕಗಳೂ ಅಂಗಿಯ ಮೇಲಿನ ಅಕ್ಷರಗಳೂ ಇಂದಿಗೂ ಕನ್ನಡಿಯೊಳಗಿನವುಗಳಂತೆ ಕಾಣುತ್ತವೆ. ಈ ವಿಧಾನದಲ್ಲಿ ಚಿತ್ರ ಎಳೆಯೊಳಕ್ಕೆ ಇಳಿಯುವುದಿಲ್ಲ; ಕಾದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಬಟ್ಟೆಯ ಮೇಲೆ ಒಂದು ಪ್ಲಾಸ್ಟಿಕ್ ಪೊರೆ ಕಟ್ಟಿ, ಚಿತ್ರ ಅದರಲ್ಲಿ ತೇಲುತ್ತದೆ. ಆ ಪೊರೆಗೆ ನೇರವಾಗಿ ಇಸ್ತ್ರಿ ತಗಲಿದರೆ ಕರಗಿ ಪೆಟ್ಟಿಗೆಯ ತಳಕ್ಕೇ ಅಂಟಿಕೊಳ್ಳುತ್ತದೆ; ಹೊಲಿಗೆ ಹಾಕಿದ ಕಡೆ ಸೂಜಿಯ ತೂತುಗಳು ಮುಚ್ಚಿಕೊಳ್ಳದೆ ಸಾಲಾಗಿ ಉಳಿಯುತ್ತವೆ; ಹತ್ತಾರು ಸಲ ಒಗೆದ ಮೇಲೆ ಮಡಿಕೆಯ ಗೆರೆಗಳಲ್ಲಿ ಬಿರುಕು ಕಾಣಿಸುತ್ತದೆ. ಇಷ್ಟೆಲ್ಲ ದೋಷಗಳಿದ್ದರೂ ಕತ್ತಲೆಕೋಣೆ, ರಾಸಾಯನಿಕ, ಬಿಸಿಲು ಯಾವುದನ್ನೂ ಬೇಡದ ಈ ವಿಧಾನವೇ ಸ್ಮೃತಿಕೌದಿಯನ್ನು ಸಾವಿರಾರು ಮನೆಗಳಿಗೆ ಒಯ್ದಿತೆಂಬುದನ್ನು ಮರೆಯಲಾಗದು.

ಸ್ಮೃತಿಕೌದಿಯ ಚರಿತ್ರೆಯಲ್ಲಿ ಅತಿ ದೊಡ್ಡ ಘಟನೆ ಒಂದು ಮಹಾವ್ಯಾಧಿಯಿಂದ ಒದಗಿತು. 1985ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ದೀಪಯಾತ್ರೆಯಲ್ಲಿ, ಏಡ್ಸ್ ರೋಗದಿಂದ ಮಡಿದವರ ಹೆಸರುಗಳನ್ನು ರಟ್ಟುಗಳ ಮೇಲೆ ಬರೆದು ಸರ್ಕಾರಿ ಕಟ್ಟಡವೊಂದರ ಗೋಡೆಗೆ ಅಂಟಿಸಿದಾಗ, ಆ ಗೋಡೆ ತೇಪೆಕೌದಿಯಂತೆ ಕಂಡದ್ದರಿಂದ ಕ್ಲೀವ್ ಜೋನ್ಸ್ ಎಂಬ ಕಾರ್ಯಕರ್ತನಿಗೆ ಒಂದು ಸ್ಮಾರಕಕೌದಿಯ ಯೋಚನೆ ಹೊಳೆಯಿತು. ಗತಿಸಿದ ಒಬ್ಬೊಬ್ಬರಿಗೂ ಮೂರು ಅಡಿ ಅಗಲ, ಆರು ಅಡಿ ಉದ್ದದ ಒಂದೊಂದು ಬಟ್ಟೆ, ಎಂದರೆ ಸರಿಸುಮಾರು ಒಂದು ಗೋರಿಯ ಅಳತೆ. ಇಂಥ ಎಂಟು ಬಟ್ಟೆಗಳನ್ನು ಜೋಡಿಸಿದರೆ ಹನ್ನೆರಡು ಅಡಿಯ ಚೌಕ. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಮೈದಾನದಲ್ಲಿ ಮೊದಲ ಸಲ ಹರಡಿದಾಗ 1,920 ಬಟ್ಟೆಗಳಿದ್ದುವು. 1996ರ ಅಕ್ಟೋಬರಿನಲ್ಲಿ ಇಡೀ ಕೌದಿಯನ್ನು ಅಲ್ಲಿ ಕಡೆಯ ಬಾರಿಗೆ ಹರಡಲಾಯಿತು. ಅನಂತರ ಅದು ಯಾವ ಒಂದು ಮೈದಾನಕ್ಕೂ ಹಿಡಿಸದಷ್ಟು ಬೆಳೆದು, ಇಂದು ಸುಮಾರು 50,000 ಬಟ್ಟೆಗಳೂ 54 ಟನ್ ತೂಕವೂ ಉಳ್ಳದ್ದಾಗಿದೆ. ಇದನ್ನು ಕುರಿತ ಕಾಮನ್ ಥ್ರೆಡ್ಸ್ ಎಂಬ 1989ರ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು.

ಈ ಬಟ್ಟೆಗಳನ್ನು ಹೊಲಿದವರಲ್ಲಿ ಬಹುಮಂದಿಗೆ ಅದಕ್ಕೆ ಮುಂಚೆ ಸೂಜಿ ಹಿಡಿದ ಅಭ್ಯಾಸವೇ ಇರಲಿಲ್ಲ. ಅಂಗಿ, ಟೊಪ್ಪಿಗೆ, ಆಟದ ಬೊಂಬೆ, ಪದಕ, ಕಾಗದ ಪತ್ರ ಎಲ್ಲವನ್ನೂ ಅವರು ಬಟ್ಟೆಗೆ ಹೊಲಿದರು; ಫೋಟೋಗಳನ್ನು ಹಾಗೆಯೇ ಅಂಟಿಸಿದವರೂ ಉಂಟು. ಮಡಿಸಿ ಬಿಚ್ಚಿ ಸಾಗಿಸುವ ವಸ್ತುವಿನ ಮೇಲೆ ಫೋಟೋ ಕಾಗದ ಬಹುಕಾಲ ನಿಲ್ಲದೆಂಬುದು ಬೇಗನೆ ಅನುಭವಕ್ಕೆ ಬಂದು, ಚಿತ್ರವನ್ನು ವರ್ಗಾವಣೆ ಕಾಗದದ ಮೂಲಕ ಅಪ್ಪಟ ಹತ್ತಿಬಟ್ಟೆಗೆ ಇಳಿಸಿ, ಆ ಹತ್ತಿಬಟ್ಟೆಯನ್ನು ಹೊಲಿಯಬೇಕೆಂದು ಸಂಘಟಕರು ಸಲಹೆ ಕೊಡಲಾರಂಭಿಸಿದರು. ತಾಂತ್ರಿಕವಾಗಿ ಸಣ್ಣದೆಂದು ತೋರುವ ಈ ಸಲಹೆಯಿಂದಲೇ, ಫೋಟೋ ಅಚ್ಚಾದ ಬಟ್ಟೆಯು ಶೋಕದ ಸಾರ್ವಜನಿಕ ಭಾಷೆಯ ಭಾಗವಾಯಿತು.

ಪರ್ಸನಲ್ ಕಂಪ್ಯೂಟರಿನೊಡನೆ ಇಂಕ್‌ಜೆಟ್ ಮುದ್ರಣಯಂತ್ರ ಮನೆಗೆ ಬಂದ ಮೇಲೆ ಬಟ್ಟೆಯನ್ನೇ ಯಂತ್ರದೊಳಗೆ ತೂರಿಸುವ ಧೈರ್ಯವನ್ನು ಕೌದಿ ಹೊಲಿಯುವವರು ಮಾಡಿದರು. ಅಮೆರಿಕದ ಅಡಿಗೆಮನೆಗಳಲ್ಲಿ ಮಾಂಸ ಕಟ್ಟಿಡಲು ಬಳಸುವ, ಒಂದು ಮೈಗೆ ಪ್ಲಾಸ್ಟಿಕ್ ಲೇಪವಿರುವ ಫ್ರೀಝರ್ ಪೇಪರನ್ನು ಬಟ್ಟೆಯ ಬೆನ್ನಿಗೆ ಇಸ್ತ್ರಿಮಾಡಿ ಅಂಟಿಸಿದರೆ, ಬಟ್ಟೆ ಕಾಗದದಂತೆ ನೆಟ್ಟಗೆ ನಿಂತು ಯಂತ್ರದ ಉರುಳೆಗಳ ನಡುವೆ ಹಾಯುತ್ತದೆ. ಮುದ್ರಣವಾದ ಮೇಲೆ ಬೆನ್ನಿನ ಕಾಗದ ಗುರುತಿಲ್ಲದೆ ಸುಲಿದುಬರುತ್ತದೆ. ತೊಡಕು ಇದ್ದದ್ದು ಮಸಿಯಲ್ಲಿ. ಆಗಿನ ಯಂತ್ರಗಳ ಮಸಿ ನೀರಿನಲ್ಲಿ ಕರಗುವ ರಂಗಾದ್ದರಿಂದ ಮೊದಲನೆಯ ಒಗೆತದಲ್ಲಿಯೇ ಚಿತ್ರ ಬಕೆಟ್ಟಿನ ಪಾಲಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಬಲ್ ಜೆಟ್ ಸೆಟ್ 2000 ಎಂಬ ದ್ರವ ಪೇಟೆಗೆ ಬಂದಿತು. ಬಟ್ಟೆಯನ್ನು ಐದು ನಿಮಿಷ ಅದರಲ್ಲಿ ನೆನೆಸಿ ಒಣಗಿಸಿದರೆ ರಂಗು ನಾರನ್ನು ಬಿಡದೆ ಹಿಡಿಯುತ್ತದೆ. ಹೀಗೆ ಮೊದಲೇ ಸಂಸ್ಕರಿಸಿ ಕಾಗದದ ಬೆನ್ನು ಹಚ್ಚಿದ ಹಾಳೆಗಳೂ ಕ್ರಮೇಣ ಸಿದ್ಧವಾಗಿಯೇ ದೊರೆಯತೊಡಗಿದುವು. ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ನೀರಿನಲ್ಲಿ ಕರಗದ ವರ್ಣದ್ರವ್ಯದ ಕಣಗಳಿಂದಾದ ಮಸಿ, ಎಪ್ಸನ್ ಸಂಸ್ಥೆಯ ಡ್ಯೂರಾಬ್ರೈಟ್ ಮೊದಲಾದದ್ದು, ಮನೆಯ ಯಂತ್ರಗಳಿಗೂ ಬಂದು ಈ ಕಷ್ಟವನ್ನು ಬಹಳಮಟ್ಟಿಗೆ ಕಡಮೆಮಾಡಿತು. ಕರಗುವ ರಂಗಿನಲ್ಲಿ ವರ್ಣದ ಉಜ್ಜ್ವಲತೆ ಹೆಚ್ಚು, ಬಾಳಿಕೆ ಕಡಮೆ. ವರ್ಣದ್ರವ್ಯದಲ್ಲಿ ಇದಕ್ಕೆ ವಿಪರ್ಯಯ. ವರ್ಣದ್ರವ್ಯವೂ ನಾರಿನ ಹೊರಮೈಯಲ್ಲಿಯೇ ರಾಳದ ಬಲದಿಂದ ನಿಲ್ಲತಕ್ಕದ್ದಾದರೂ, ಕಣಗಳು ಅತಿಸೂಕ್ಷ್ಮವಾದುದರಿಂದ ವರ್ಗಾವಣೆ ಕಾಗದದ ಪೊರೆಯಂತೆ ಕೈಗೆ ತಗಲುವುದಿಲ್ಲ.

ಕೆಲಸದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ. ಹಳೆಯ ಸ್ಟುಡಿಯೋ ಭಾವಚಿತ್ರವೊಂದನ್ನು ತೆಗೆದುಕೊಳ್ಳೋಣ: ಕುರ್ಚಿಯ ಮೇಲೆ ಕುಳಿತ ಗೃಹಸ್ಥ, ಪಕ್ಕದಲ್ಲಿ ದಟ್ಟ ಬಣ್ಣದ ಸೀರೆಯುಟ್ಟು ನಿಂತ ಹೆಂಡತಿ, ಹಿಂದೆ ಬಣ್ಣದ ಪರದೆ. ಇದನ್ನು ಸ್ಕ್ಯಾನ್ ಮಾಡುವಾಗ ಅಂಗುಲಕ್ಕೆ 300 ಚುಕ್ಕೆಗಳು ಧಾರಾಳವಾಗಿ ಸಾಕು. ಏಕೆಂದರೆ ಕೌದಿಯ ಬಟ್ಟೆಯೆಷ್ಟೇ ನುಣುಪಾಗಿದ್ದರೂ, ಇನ್ನೂರು ಎಳೆಯ ಬಟ್ಟೆಯೆಂದರೆ ಅಂಗುಲಕ್ಕೆ ನೂರರಷ್ಟು ಹಾಸು, ನೂರರಷ್ಟು ಹೊಕ್ಕು. ಈ ಹಾಸುಹೊಕ್ಕಿನ ಬಲೆ ಹಿಡಿಯಲಾರದಷ್ಟು ಸೂಕ್ಷ್ಮವಾದ ವಿವರವನ್ನು ಮುದ್ರಿಸಿ ಪ್ರಯೋಜನವಿಲ್ಲ. ಮುದ್ರಣಯಂತ್ರದಲ್ಲಿ ಬಿಳಿಯ ಮಸಿಯಿಲ್ಲ. ಗೃಹಸ್ಥನ ಪಂಚೆಯ ಬಿಳುಪೆಂದರೆ ಬಟ್ಟೆಯದೇ ಬಿಳುಪು. ಬಟ್ಟೆ ಕೆನೆಬಣ್ಣದ್ದಾದರೆ ಪಂಚೆಯೂ ಕೆನೆಬಣ್ಣವೇ. ಹತ್ತಿ ಮಸಿಯನ್ನು ಹೀರಿ ಹರಡುವುದರಿಂದ ನೆರಳುಗಳು ಕಾಗದದಲ್ಲಿಗಿಂತ ಹೆಚ್ಚು ಕಪ್ಪಾಗುತ್ತವೆ, ಸೀರೆಯ ನಿರಿಗೆಗಳು ಒಂದರೊಳಗೊಂದು ಮುಳುಗಿಹೋಗುತ್ತವೆ. ಆದಕಾರಣ ಮೊದಲೇ ನೆರಳನ್ನು ತಿಳಿಗೊಳಿಸಿ, ಬೆಳಕು ನೆರಳುಗಳ ಅಂತರವನ್ನು ತುಸು ಏರಿಸಿಕೊಳ್ಳಬೇಕು. ಅಂಟು, ಗಂಜಿ, ಹೊಳಪುಕಾರಕ ಯಾವುದೂ ಇಲ್ಲದ, ರಂಗುಹಾಕಲೆಂದೇ ಸಿದ್ಧಪಡಿಸಿದ ಹತ್ತಿಬಟ್ಟೆಯನ್ನು ಆರಿಸಿ, ಹಾಳೆಯ ಅಳತೆಗೆ ಕತ್ತರಿಸಿ, ಅಂಚಿನಲ್ಲಿ ತೂಗಾಡುವ ಒಂದು ಎಳೆಯನ್ನೂ ಬಿಡದೆ ತೆಗೆಯಬೇಕು. ಒಂದು ಎಳೆ ಮಸಿಯ ಮೂತಿಗೆ ಸಿಕ್ಕಿದರೆ ಗೃಹಸ್ಥನ ಹಣೆಯ ಮೇಲೆ ಅಡ್ಡಗೆರೆ ಖಂಡಿತ. ಮುದ್ರಣವಾದ ಮೇಲೆ ಒಂದು ದಿನ ಬಿಟ್ಟು, ಇಸ್ತ್ರಿಯ ಶಾಖ ಕೊಟ್ಟು, ತಣ್ಣೀರಿನಲ್ಲಿ ಸೌಮ್ಯವಾದ ಸಾಬೂನಿನಿಂದ ಜಾಲಿಸಿ, ಹಿಂಡದೆ ಚಪ್ಪಟೆಯಾಗಿ ಒಣಗಿಸಬೇಕು. ಮೊದಲ ಜಾಲಿಕೆಯಲ್ಲಿ ನೀರಿಗೆ ಸ್ವಲ್ಪ ಬಣ್ಣ ಬಿಟ್ಟರೆ ಗಾಬರಿಯಿಲ್ಲ. ಆ ಬಣ್ಣದ ನೀರಿನಲ್ಲಿ ಬಟ್ಟೆಯನ್ನು ನೆನೆಯಬಿಟ್ಟರೆ ಮಾತ್ರ ಪಂಚೆಗೆ ಸೀರೆಯ ಬಣ್ಣ ಹತ್ತುತ್ತದೆ.

ಪಾಲಿಯೆಸ್ಟರಿನ ವಿಷಯ ಬೇರೆ. ಫ್ರಾನ್ಸಿನ ನೊಯೆಲ್ ದ ಪ್ಲಾಸ್ 1957ರಲ್ಲಿ ಗಮನಿಸಿದಂತೆ, ಕೆಲವು ರಂಗುಗಳು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ದ್ರವವಾಗದೆ ನೇರವಾಗಿ ಆವಿಯಾಗಿ, ಅದೇ ಶಾಖಕ್ಕೆ ಸಡಿಲಗೊಂಡ ಪಾಲಿಯೆಸ್ಟರ್ ನಾರಿನ ಒಳಹೊಕ್ಕು, ತಣಿದಾಗ ಅಲ್ಲಿಯೇ ಸೆರೆಯಾಗುತ್ತವೆ. ಉತ್ಪತನ ಮುದ್ರಣವೆಂದು ಹೆಸರಾದ ಈ ವಿಧಾನದಲ್ಲಿ ಚಿತ್ರ ನಿಜವಾಗಿಯೂ ನಾರಿನೊಳಗಿರುವುದರಿಂದ ಎಷ್ಟು ಒಗೆದರೂ ಮಾಸದು. ಆದರೆ ಹತ್ತಿಗೆ ಇದು ಹಿಡಿಯದು. ಕರ್ನಾಟಕದ ಸಣ್ಣ ಪೇಟೆಗಳಲ್ಲಿಯೂ ಫೋಟೋ ಸ್ಟುಡಿಯೋಗಳವರು ಹುಟ್ಟುಹಬ್ಬಕ್ಕೂ ಮದುವೆಗೂ ಹೃದಯಾಕಾರದ ದಿಂಬಿನ ಮೇಲೆ, ಚಹದ ಬಟ್ಟಲಿನ ಮೇಲೆ ಚಿತ್ರ ಹಾಕಿಕೊಡುವುದು ಈ ವಿದ್ಯೆಯಿಂದಲೇ. ಆ ದಿಂಬುಗಳು ಯಾವಾಗಲೂ ನುಣುಪಾದ ಪಾಲಿಯೆಸ್ಟರಿನವೇ ಆಗಿರುವುದಕ್ಕೂ ಇದೇ ಕಾರಣ. ಹಳೆಯ ಹತ್ತಿ ಸೀರೆಯ ತುಂಡನ್ನು ಕೊಟ್ಟು ಇದರ ಮೇಲೆಯೇ ಅಚ್ಚುಮಾಡಿಕೊಡಿರೆಂದು ಕೇಳಿದರೆ ಅವರು ಆಗದೆನ್ನುವುದು ಉದಾಸೀನದಿಂದಲ್ಲ. ಇನ್ನು ಗಜಗಟ್ಟಲೆ ಬಟ್ಟೆಯ ಮೇಲೆ ತಮಗೆ ಬೇಕಾದ ಚಿತ್ರವನ್ನು ಮುದ್ರಿಸಿ ತರಿಸಿಕೊಳ್ಳುವ ಅನುಕೂಲ, ಉತ್ತರ ಕೆರೊಲಿನಾದಲ್ಲಿ 2008ರಲ್ಲಿ ಆರಂಭವಾದ ಸ್ಪೂನ್‌ಫ್ಲವರ್ ಮೊದಲಾದ ಸಂಸ್ಥೆಗಳಿಂದ ಒದಗಿದೆ. ಅದರ ವಿವರ ಇಲ್ಲಿ ಅನಾವಶ್ಯಕ.

ಮುದ್ರಣ ಮುಗಿದ ಮೇಲೆ ಹೊಲಿಗೆಯ ವಿವೇಕ ಆರಂಭವಾಗುತ್ತದೆ. ಮಸಿ ತುಂಬಿದ ಬಟ್ಟೆ ಬರಿಯ ಬಟ್ಟೆಗಿಂತ ಬಿಗಿಯಾದುದರಿಂದ ಸಪೂರವಾದ ಚೂಪು ಸೂಜಿಯನ್ನೇ ಬಳಸಬೇಕು. ಒಮ್ಮೆ ಹೊಲಿದು ಬಿಚ್ಚಿದರೆ ತೂತು ಉಳಿಯುತ್ತದೆ. ಚಿತ್ರದ ಸುತ್ತ ಕಾಲು ಅಂಗುಲದ ಹೊಲಿಗೆಯಂಚನ್ನು ಮುದ್ರಿಸದೆ ಬಿಡದಿದ್ದರೆ ಜೋಡಣೆಯಲ್ಲಿ ಯಾರದೋ ಭುಜವೋ ಮಗುವಿನ ಪಾದವೋ ಹೊಲಿಗೆಯೊಳಗೆ ಹೋಗುತ್ತದೆ. ಮೂರು ಪದರಗಳನ್ನು ಹಿಡಿದಿಡುವ ಹೊಲಿಗೆ ಯಾವ ಕಾರಣಕ್ಕೂ ಮುಖದ ಮೇಲೆ ಹಾಯಬಾರದೆಂಬುದು ಅನುಭವಿಗಳೆಲ್ಲರ ಒಮ್ಮತ; ತಲೆಯ, ಭುಜದ, ಕುರ್ಚಿಯ ಹೊರಗೆರೆಯನ್ನು ಅನುಸರಿಸಿ ಹೊಲಿದರೆ ಒಳಗಿನ ಹತ್ತಿ ಉಬ್ಬಿ ಆಕೃತಿಗೆ ತಾನಾಗಿಯೇ ಒಂದು ದಪ್ಪ ಬರುತ್ತದೆ. ಕೌದಿಯ ತುಂಬ ಫೋಟೋಗಳನ್ನೇ ಇಟ್ಟವರ ಕೃತಿ ಗೋಡೆಯ ಪ್ರಕಟಣಾಫಲಕದಂತೆ ತೋರುವುದು ಸಾಮಾನ್ಯ. ನಾಲ್ಕಾರು ಚಿತ್ರಗಳನ್ನು ಆರಿಸಿ, ಅವುಗಳಲ್ಲಿರುವ ಬಣ್ಣಗಳ ಸಾದಾ ಬಟ್ಟೆಗಳಿಗೇ ಹೆಚ್ಚು ಜಾಗ ಬಿಟ್ಟುಕೊಟ್ಟಾಗ ಮಾತ್ರ ಅದು ಹೊದೆಯಲು ಯೋಗ್ಯವಾದ ವಸ್ತುವಾಗುತ್ತದೆ. ಕಾಲಾಂತರದಲ್ಲಿ ಕೆಂಪಗೆ ತಿರುಗಿದ ಬಣ್ಣದ ಫೋಟೋಗಳನ್ನು ತಿದ್ದುವ ಬದಲು ಎಲ್ಲ ಚಿತ್ರಗಳನ್ನೂ ಒಂದೇ ಕಂದು ಅಥವಾ ನೀಲಿ ಛಾಯೆಗೆ ತರುವುದು ಹೆಚ್ಚು ಸಂಯಮದ ಮಾರ್ಗ.

ಚಿತ್ರವಿಲ್ಲದೆಯೇ ನೆನಪನ್ನು ಹೊತ್ತ ಹೊದಿಕೆ ಕನ್ನಡನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಕೌದಿಯಲ್ಲಿ ತಾಯಿಯ ಇಳಕಲ್ಲ ಸೀರೆ, ತಂದೆಯ ಧೋತರ, ಕೂಸಿನ ಕುಲಾವಿ ಎಲ್ಲವೂ ತುಂಡುತುಂಡಾಗಿ ಒಂದೇ ಹೊದಿಕೆಯಲ್ಲಿ ಸೇರುವುದುಂಟು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಪ್ರದೇಶಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಕೌದಿ ಇವುಗಳಲ್ಲಿ ವಿಶಿಷ್ಟವಾದುದು: ಅಂಚಿನಿಂದ ಆರಂಭಿಸಿ, ಸುತ್ತುಸುತ್ತಾಗಿ ತೇಪೆಗಳನ್ನು ಸೇರಿಸುತ್ತ, ಓಡುಹೊಲಿಗೆಯಿಂದ ನಡುವಿನ ಕಡೆಗೆ ಸಾಗಿ, ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ತ್ರಿಕೋನಾಕಾರದ ಹೂಗಳನ್ನು ಕೂಡಿಸುವುದು ಅದರ ಕ್ರಮ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಲಾಚರಿತ್ರಕಾರ ಹೆನ್ರಿ ಡ್ರೂವಾಲ್ ಇವರ ಕಲೆಯನ್ನು ಅಭ್ಯಸಿಸಿ ಆ ದೇಶದಲ್ಲಿ ಪ್ರಚಾರಕ್ಕೆ ತಂದನು. ಇಲ್ಲಿ ಬಟ್ಟೆಯೇ ಸಾಕ್ಷಿ. ಆ ಸೀರೆ ಯಾರದೆಂದು ಬಲ್ಲವರು ಇರುವವರೆಗೆ ಚಿತ್ರದ ಅಗತ್ಯ ಬೀಳುವುದಿಲ್ಲ. ಅದನ್ನು ಬಲ್ಲವರು ದೂರವಾದಾಗ, ಮೊಮ್ಮಕ್ಕಳು ಬೇರೆ ಖಂಡದಲ್ಲಿ ಬೆಳೆದಾಗ, ಸೀರೆಯ ತುಂಡಿನ ಪಕ್ಕದಲ್ಲಿ ಉಟ್ಟವಳ ಮುಖವೂ ಇರಲೆಂದು ಅನ್ನಿಸುವುದು ಸಹಜ. ಅಮೆರಿಕದ ಕುಟುಂಬಗಳು ಒಂದು ಊರಿನಲ್ಲಿ ನಿಲ್ಲದೆ ಚದುರಿಹೋದದ್ದಕ್ಕೂ ಅಲ್ಲಿ ಫೋಟೋಕೌದಿ ಬೆಳೆದದ್ದಕ್ಕೂ ಇರುವ ನಂಟು ಆಕಸ್ಮಿಕವಲ್ಲ.

ಕಾನೂನಿನ ಒಂದು ಮಾತು ಇಲ್ಲಿ ಪ್ರಸ್ತುತ. ಸ್ಟುಡಿಯೋದಲ್ಲಿ ಹಣ ಕೊಟ್ಟು ತೆಗೆಸಿದ ಭಾವಚಿತ್ರದ ಹಕ್ಕು ಅಮೆರಿಕದಲ್ಲಿ ಸಾಮಾನ್ಯವಾಗಿ ಛಾಯಾಗ್ರಾಹಕನದು. ಆದ್ದರಿಂದಲೇ ಅಲ್ಲಿನ ನಕಲು ಅಂಗಡಿಗಳವರು ವೃತ್ತಿಪರ ಚಿತ್ರಗಳನ್ನು ಅನುಮತಿಪತ್ರವಿಲ್ಲದೆ ಮುಟ್ಟಲು ಹಿಂದೆಗೆಯುತ್ತಾರೆ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣವಾದರೋ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಪ್ರತಿಫಲ ಕೊಟ್ಟು ತೆಗೆಸಿದವನನ್ನೇ ಮೊದಲ ಒಡೆಯನೆಂದು ಎಣಿಸುತ್ತದೆ.

ಕಾಪಾಡುವ ವಿಷಯದಲ್ಲಿ ವಸ್ತುಸಂಗ್ರಹಾಲಯಗಳು ಅನುಸರಿಸುವ ನಿಯಮಗಳು ಮನೆಗೂ ಸಲ್ಲುತ್ತವೆ: ಕಿಟಕಿಯ ಬಿಸಿಲಿಗೆ ನೇತುಹಾಕದಿರುವುದು, ಆಮ್ಲರಹಿತ ಕಾಗದವನ್ನು ನಡುವೆ ಇಟ್ಟು ಮಡಿಸುವುದು, ಆಗಾಗ ಮಡಿಕೆಯ ಗೆರೆಯನ್ನು ಬದಲಿಸುವುದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯದಿರುವುದು. ಮೂಲ ಫೋಟೋವನ್ನು ಎಂದಿಗೂ ಕೌದಿಗೆ ಹೊಲಿಯಕೂಡದು. ಇವೆಲ್ಲಕ್ಕಿಂತ ಉಪೇಕ್ಷೆಗೊಳಗಾಗಿರುವುದು ಬೆನ್ನಿನ ಮೂಲೆಯಲ್ಲಿ ಹೊಲಿಯಬೇಕಾದ ಚೀಟಿ. ಚಿತ್ರದಲ್ಲಿರುವವರ ಹೆಸರು, ಹೊಲಿದವರ ಹೆಸರು, ವರ್ಷ ಇಷ್ಟನ್ನು ಹೆಚ್ಚಿನವರು ಬರೆಯುತ್ತಾರೆ. ಮುದ್ರಣ ಯಾವ ವಿಧಾನದ್ದೆಂಬುದನ್ನು ಬರೆಯುವವರು ವಿರಳ. ಆದರೆ ನೀಲಿಮುದ್ರಣಕ್ಕೆ ಸೋಡಾ ತಾಗಬಾರದು, ವರ್ಗಾವಣೆಯ ಪೊರೆಗೆ ಇಸ್ತ್ರಿ ತಾಗಬಾರದು, ಕರಗುವ ರಂಗಿಗೆ ಬಿಸಿನೀರು ತಾಗಬಾರದು ಎಂಬುದು ಮುಂದೆ ಅದನ್ನು ಒಗೆಯುವವರಿಗೆ ಬರಿಯ ಚಿತ್ರವನ್ನು ನೋಡಿ ತಿಳಿಯುವಂಥದಲ್ಲ.